ಸೀಮೆಎಣ್ಣೆ ಡಬ್ಬಿಯೊಳಗಿನ ಇಂಗ್ಲಿಷು

ಬಿಳಿಯ ಸಾಹೇಬರು ನಮ್ಮಲ್ಲಿಗೆ ಬರುವ ದಿನ ಏನೇನು ಕೆಡಬಹುದು ಎಂಬುದನ್ನು ನಾನು ಎಂಟು ದಿನ ಮೊದಲೇ ಒಂದು ಹಾಳೆಯ ಮೇಲೆ ಬರೆದಿಟ್ಟುಕೊಂಡಿದ್ದೆ. ಸಾಹೇಬರ ಮೋಟಾರು ಸಾವಳಗಿಯ ಹತ್ತಿರದ ಕರಿಮಣ್ಣಿನಲ್ಲಿ ಹೂತು ಅವರು ಬಾರದೆಯೇ ಹೋಗಬಹುದು. ಬಂದರೂ ನಮ್ಮ ಕೆಂಪು ಖಾರ ನಾಲಿಗೆಗೆ ತಗುಲಿ ಅವರಿಗೆ ಮಾತೇ ನಿಂತುಹೋಗಬಹುದು. ಅಕ್ಷರದ ಆಟ ಬೇಡ, ಟೆನ್ನಿಸ್ ಆಡೋಣ ಎನ್ನಬಹುದು. ನಮ್ಮ ಸಂಸ್ಥಾನದಲ್ಲಿ ಟೆನ್ನಿಸ್ ಬಲ್ಲವರು ಇಬ್ಬರೇ, ಇಬ್ಬರಿಗೂ ಮಂಡಿನೋವು. ಆಟದ ರಟ್ಟುಗಳಿಗೆ ಥಂಡಿ ಹಿಡಿದು ಒಂದಕ್ಕೊಂದು ಅಂಟಿಕೊಳ್ಳಬಹುದು. ಇಲಿ ತಿನ್ನಬಹುದು. ಅವನ್ನು ಎತ್ತುವ ಛತ್ರಿಕಡ್ಡಿ ಬಾಗಬಹುದು. ನಮ್ಮ ಇಂಗ್ಲಿಷ್ ಮಾಸ್ತರರು ಯೋಚನೆಗೆ ಬಿದ್ದರೆ ಮೇಜಿನ ಕೆಳಗೆ ಕಾಲು ಆಡಿಸುವ ಚಟದವರು. ಸಾಹೇಬರ ಮೊಳಕಾಲಿಗೆ ಒದೆ ಬೀಳಬಹುದು, ಆ ಒದೆಗೆ ಸಂಸ್ಥಾನವೇ ಖಾಲಸಾ ಆಗಿ ಇಂಗ್ಲಿಷರ ಪಾಲಾಗಬಹುದು. ಇನ್ನೂ ಹದಿನಾರು ಇದ್ದವು. ಹಾಳೆಯ ಎರಡೂ ಮಗ್ಗಲು ತುಂಬಿತ್ತು.

ಅವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಒಂದೇ ಒಂದು ಸಣ್ಣ ಸಂಗತಿ, ಮತ್ತು ಅದು ನನ್ನ ಹಾಳೆಯಲ್ಲಿ ಇರಲಿಲ್ಲ.

ಕಳೆದ ತಿಂಗಳು ಆ ಮಾಸ್ತರರು ಬನಹಟ್ಟಿಯ ತಮ್ಮ ಮನೆಯಲ್ಲಿ ತೀರಿಕೊಂಡರು. ಹದಿಮೂರನೆಯ ದಿನ ಕಳೆದ ಮೇಲೆ ಅವರ ಮಗಳು ಒಂದು ಹಳೆಯ ಸೀಮೆಎಣ್ಣೆ ಡಬ್ಬಿಯನ್ನು ಹೊತ್ತು ನಮ್ಮ ಮನೆಗೆ ಬಂದಳು. ಕಟ್ಟೆಯ ಮೇಲೆ ಇಟ್ಟು ಹೇಳಿದಳು: "ಕಾಕಾರ, ಇದನ್ನ ನಿಮಗಽ ಕೊಡು ಅಂದಿದ್ರು ಅಪ್ಪಾರು. ಮತ್ತ ತೊಳೀಬ್ಯಾಡ್ರಿ ಅಂತ ಹೇಳ್ಯಾರ." ತೊಳೆಯಬೇಡಿ ಎಂದದ್ದು ಏಕೆ ಎಂದು ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅದಕ್ಕೇ ಇದನ್ನು ಬರೆಯಲು ಕುಳಿತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಯಾವ ಸಂಸ್ಥಾನ, ಯಾವ ಸಾಲೆ ಎಂಬುದನ್ನೂ ಬರೆಯುವುದಿಲ್ಲ. ನಮ್ಮ ಕಡೆ ಬೆಳಿಗ್ಗೆ ತಪ್ಪಿಸಿಕೊಂಡ ಎಮ್ಮೆ ಹುಡುಕುತ್ತ ಹೊರಟವನು ಮಧ್ಯಾಹ್ನದೊಳಗೆ ಎರಡು ಸಂಸ್ಥಾನ ದಾಟಿರುತ್ತಿದ್ದ. ಅವುಗಳಲ್ಲಿ ಯಾವುದೋ ಒಂದು ಎಂದುಕೊಳ್ಳಿ. "ಈಗ ಎಲ್ಲಾ ವಿಲೀನ ಆಗ್ಯಾವಲ್ಲ, ಇನ್ನ್ಯಾರ ಅಂಜಿಕಿ ನಿಮಗ?" ಎಂದು ನನ್ನ ಹೆಂಡತಿ ಕೇಳುತ್ತಾಳೆ. ನಾಳೆ ತಿರುಗಿ ಬಂದರೆ?

ಮಾಸ್ತರರು ನೇಕಾರರ ಮನೆಯ ಮಗ. ಮ್ಯಾಟ್ರಿಕ್‌ಗೆ ಎರಡು ಸಲ ಕುಳಿತು, ಎರಡು ಸಲವೂ ಇಂಗ್ಲಿಷೊಂದರಲ್ಲಿ ಪಾಸಾಗಿ ಮಿಕ್ಕಿದ್ದರಲ್ಲೆಲ್ಲ ನಪಾಸಾದವರು. ಬಿ.ಎ. ಆದವರು ಪುಣೆ, ಧಾರವಾಡ ಬಿಟ್ಟು ನಮ್ಮಲ್ಲಿಗೆ ಬರುತ್ತಿರಲಿಲ್ಲವಾದ್ದರಿಂದ ಇವರನ್ನು ಹಂಗಾಮಿ ಎಂದು ತೆಗೆದುಕೊಂಡರು. ಹಂಗಾಮಿ ಎಂದರೆ, ಬಿ.ಎ. ಒಬ್ಬ ಸಿಗುವವರೆಗೆ. ಹನ್ನೊಂದು ವರ್ಷ ಸಿಗಲಿಲ್ಲ. ನಾನು ಅದೇ ಸಾಲೆಯಲ್ಲಿ ಲೆಕ್ಕದ ಮಾಸ್ತರ, ಅವರಿಗಿಂತ ಹದಿನೈದು ವರ್ಷ ಚಿಕ್ಕವನು, ಕಾಯಂ. ಕಾಯಂ ಆದ ನಾನು ದಿನಾ ನೌಕರಿ ಹೋದೀತೆಂದು ಹೆದರುತ್ತಿದ್ದೆ. ಹಂಗಾಮಿಯಾದ ಅವರು ಊಟದ ಬಿಡುವಿನಲ್ಲಿ ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದರು.

ಸಣಕಲು ಮನುಷ್ಯ. ಕರಿಕೋಟಿನ ತೋಳಿಗೆ ಯಾವಾಗಲೂ ನೂಲಿನ ಎಳೆಯೊಂದು ಅಂಟಿರುತ್ತಿತ್ತು. ಮಾತಾಡುತ್ತ ಅದನ್ನೇ ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆಯುತ್ತಿದ್ದರು. ಕುರ್ಚಿಯ ಮೇಲೆ ಕುಳಿತರೂ ಕಾಲು ಮಗ್ಗದ ಗುಂಡಿಯಲ್ಲೇ ಇರುವಂತೆ ಒಂದಾದ ಮೇಲೊಂದು ತುಳಿಯುತ್ತಿದ್ದವು. ಕಾಲು ನಿಧಾನ ಆಡಿದರೆ ಸುಮ್ಮನೆ ಕುಳಿತಿದ್ದಾರೆ ಎಂದರ್ಥ. ಜೋರಾದರೆ ಎಲ್ಲೋ ಒಂದು ಶಬ್ದ ಏಳುತ್ತಿದೆ ಎಂದರ್ಥ. ನಿಂತರೆ ಅದು ಸಿಕ್ಕಿದೆ ಎಂದರ್ಥ.

ಅವರ ವಿದ್ಯೆ ಇದು: ನೀವು ಇಂಗ್ಲಿಷಿನ ಮೂರೋ ನಾಲ್ಕೋ ಅಕ್ಷರ ಹೇಳಿದರೆ, ಆ ಅಕ್ಷರಗಳೆಲ್ಲ ಒಳಗಿರುವ ಅತಿ ಉದ್ದದ ಶಬ್ದವನ್ನು ಹುಡುಕಿ ಕೊಡುವುದು. ಊರವರು ಇದನ್ನು ಮಂತ್ರವೆಂದು ತಿಳಿದಿದ್ದರು. ಮಂತ್ರವಲ್ಲ, ನೇಕಾರಿಕೆ. ಸೀರೆಯ ಸೆರಗಿನಲ್ಲಿ ಹೂಬಳ್ಳಿ ಏಳಿಸಲು ಮಗ್ಗದ ತಲೆಯ ಮೇಲೆ ತೂತು ಕೊರೆದ ರಟ್ಟುಗಳ ಸರ ಕಟ್ಟುತ್ತಾರಲ್ಲ, ಯಾವ ಎಳೆ ಏಳಬೇಕು ಯಾವುದು ಕೂಡಬೇಕು ಎಂದು ಆ ತೂತುಗಳೇ ಹೇಳುತ್ತವೆ. ಸವೆದ ಅಂಥ ರಟ್ಟುಗಳನ್ನು ಅಣ್ಣನ ಮನೆಯಿಂದ ತಂದು ಅಂಗೈಯಗಲಕ್ಕೆ ಕತ್ತರಿಸಿ, ಒಂದೊಂದರ ಮೇಲೆ ಡಿಕ್ಷನರಿಯ ಒಂದೊಂದು ಶಬ್ದ ಬರೆದರು. ಹತ್ತಕ್ಷರಕ್ಕಿಂತ ಗಿಡ್ಡ ಶಬ್ದಕ್ಕೆ ಪ್ರವೇಶವಿಲ್ಲ. ಪ್ರತಿ ರಟ್ಟಿನ ಮೇಲಂಚಿಗೆ ಇಪ್ಪತ್ತಾರು ತೂತು, ಅಕ್ಷರಕ್ಕೊಂದು. ಶಬ್ದದಲ್ಲಿ ಯಾವ ಅಕ್ಷರ ಇದೆಯೋ ಆ ತೂತಿನ ಅಂಚನ್ನು ಕತ್ತರಿಸಿ ಬಾಯಿ ತೆರೆಯುವುದು. ಇಲ್ಲದ ಅಕ್ಷರದ ತೂತನ್ನು ದುಂಡಗೆ ಬಿಡುವುದು.

ನೀವು 'ಕ್ಯೂ' ಎಂದಿರಿ ಎನ್ನಿ. ರಟ್ಟುಗಳನ್ನೆಲ್ಲ ಒತ್ತಾಗಿ ಹಿಡಿದು, ಕ್ಯೂ ತೂತಿನೊಳಗೆ ಮುರಿದ ಛತ್ರಿಯ ಕಡ್ಡಿ ತೂರಿಸಿ ಮೇಲೆತ್ತುವರು. ಬಾಯಿ ತೆರೆದ ರಟ್ಟುಗಳು ಪಟಪಟನೆ ಉದುರುವುವು, ಉಳಿದವು ಕಡ್ಡಿಗೆ ಜೋತಾಡುವುವು. ಉದುರಿದವನ್ನು ಕೂಡಿಸಿ ಮುಂದಿನ ಅಕ್ಷರಕ್ಕೆ ಮತ್ತೆ ಕಡ್ಡಿ. ಕೊನೆಗೆ ನಾಲ್ಕೈದು ಉಳಿದರೆ ಅದರಲ್ಲಿ ಉದ್ದದ್ದನ್ನು ಆರಿಸಿ, ಮದುಮಗಳ ಸೀರೆ ಬಿಡಿಸಿ ತೋರಿಸುವ ಹಾಗೆ ನಿಮ್ಮ ಮುಂದೆ ಇಡುವರು.

ಹನ್ನೊಂದು ವರ್ಷದ ಈ ರಟ್ಟುಗಳೆಲ್ಲ ಇದ್ದದ್ದು ಮೇಲಿನ ತಗಡು ಕೊಯ್ದ ಸೀಮೆಎಣ್ಣೆ ಡಬ್ಬಿಯಲ್ಲಿ. ಇಡೀ ಇಂಗ್ಲಿಷಿಗೇ ಎಣ್ಣೆ ವಾಸನೆ ಹಿಡಿದಿತ್ತು. ಅದರಿಂದ ಒಂದು ಉಪಕಾರ, ಇಲಿ ಸುಳಿಯುತ್ತಿರಲಿಲ್ಲ. ಅವರ ಅಣ್ಣ ಮಾತ್ರ ಬಂದವರ ಮುಂದೆಲ್ಲ ಹೇಳುತ್ತಿದ್ದ: "ನಮ್ಮ ತಮ್ಮಗ ಸೀರಿ ನೇಯಾಕ ಬರಲಿಲ್ಲರಿ. ಅದಕ್ಕ ಯಾರೂ ಉಡಲಾರದ್ದು ನೇಯಾಕತ್ಯಾನ."

ಉಡುವವರು ಇದ್ದರು. ಒಬ್ಬ ಪಾಟೀಲರು ತಮ್ಮ ಅಡ್ಡಹೆಸರಿನ ಅಕ್ಷರಗಳೆಲ್ಲ ಇರುವ ದೊಡ್ಡ ಶಬ್ದವೊಂದನ್ನು ಹುಡುಕಿಸಿಕೊಂಡು ಚಕ್ಕಡಿಯ ಹಿಂದೆ ಬರೆಸಿದರು. 'ಕ್ಯಾಪಿಟ್ಯುಲೇಶನ್'. ಅದಕ್ಕೆ ಶರಣಾಗತಿ ಎಂದರ್ಥ. ಬಡಿದಾಟಕ್ಕೆ ಹೆಸರಾದ ಮನೆತನ. ಚಕ್ಕಡಿ ಸಂತೆಗೆ ಹೋಗಿ ಬಂದ ಮರುದಿನವೇ ಒಬ್ಬ ದೇಸಾಯರು ಸಾಲೆಗೆ ಬಂದರು.

"ಮಾಸ್ತರ, ನಮ್ಮ ದೇಸಾಯಿ ಅನ್ನೂ ಅಕ್ಷರ ಹಾಕಿ ಒಂದು ತಗೀರಿ."

ಕಡ್ಡಿ ಐದು ಸಲ ಎದ್ದಿತು. ಕಾಲು ನಿಂತವು. "ಡಿಸ್‌ಅಡ್ವಾಂಟೇಜಿಯಸ್," ಎಂದರು ಮಾಸ್ತರರು. "ಆದ್ರ ಅರ್ಥ ಛಲೋ ಇಲ್ಲರಿ. ಲಾಭ ಇಲ್ಲದ್ದು, ಹಾನಿ ಮಾಡೂವಂಥಾದ್ದು ಅಂತ."

"ಅರ್ಥ ಇರ್ಲಿ ಬಿಡ್ರಿ. ಎಷ್ಟು ಅಕ್ಷರ?"

"ಹದಿನೈದು."

"ಪಾಟೀಲಂದು?"

"ಹನ್ನೆರಡು."

"ಹಂಗಾರ ಬರೀರಿ!"

ಅವರ ವಾಡೆಯ ಬಾಗಿಲ ಮೇಲೆ ಆ ಶಬ್ದ ಬಂಗಾರದ ಬಣ್ಣದಲ್ಲಿ ವರ್ಷಗಟ್ಟಲೆ ಇತ್ತು. ಮಾಸ್ತರರು ಸುಳ್ಳು ಹೇಳಿದವರಲ್ಲ ಎಂಬುದಕ್ಕೆ ದೇಸಾಯರ ಒಕ್ಕಲುಗಳೆಲ್ಲ ಸಾಕ್ಷಿ.

ಇಷ್ಟು ಉದ್ದದ ಶಬ್ದಗಳ ಒಡೆಯ ತಾವು ಮಾತ್ರ ಗಿಡ್ಡ ಇಂಗ್ಲಿಷ್ ಆಡುತ್ತಿದ್ದರು, ಗಿಡ್ಡ ಇಂಗ್ಲಿಷ್ ಕಲಿಸುತ್ತಿದ್ದರು. "ಹುಡುಕಾಕ ಉದ್ದ ಶಬ್ದ, ಆಡಾಕ ಸಣ್ಣ ಶಬ್ದ. ಶಬ್ದ ಅಂದ್ರ ಸೀರಿ ಇದ್ದಂಗ ತಮ್ಮಾ. ಉದ್ದ ಐತಿ ಅಂತ ಹಗ್ಗ ಉಟಗೊಳ್ಳಾಕ ಬರ್ತದೇನು?" ಎನ್ನುವರು. ಕಾಯಂ ಮಾಡಿರೆಂದು ಪ್ರತಿ ವರ್ಷ ಕಚೇರಿಗೆ ಕಳಿಸುತ್ತಿದ್ದ ಅರ್ಜಿಯೂ ಎರಡು ಸಾಲಿನದು: ನಾನು ಚೆನ್ನಾಗಿ ಕಲಿಸುತ್ತೇನೆ, ನನ್ನನ್ನು ಕಾಯಂ ಮಾಡಿ. ಉದ್ದನ್ನ ಶಬ್ದ ನಾಲ್ಕು ಹಾಕಿದರೆ ಕಚೇರಿಯವರು ಅಂಜಿ ಮಂಜೂರು ಮಾಡಿಯಾರು ಎಂದು ನಾನು ಹೇಳಿದೆ. ಅವರು ಕೇಳಲಿಲ್ಲ. ಹನ್ನೊಂದು ಅರ್ಜಿ ಹೋದವು. ಬೇಡ ಎಂಬ ಉತ್ತರ ಇರಲಿ, ಅರ್ಜಿ ಮುಟ್ಟಿತು ಎಂಬ ಒಂದು ಚೀಟಿಯೂ ಬರಲಿಲ್ಲ.

ಆ ವರ್ಷ ಕಾರಭಾರಿಗಳು, ಎಂದರೆ ಸಂಸ್ಥಾನದ ಆಡಳಿತ ನಡೆಸುವವರು, ನಮ್ಮಿಬ್ಬರನ್ನೂ ಕರೆಸಿದರು. ಅವರನ್ನು ಕೆಲಸಕ್ಕೆ, ನನ್ನನ್ನು ಅವರ ಸಾಮಾನು ಹೊರಲಿಕ್ಕೆ. ಬರುವ ವಾರ ದೊಡ್ಡ ಬಿಳಿಯ ಸಾಹೇಬರು ತಪಾಸಣೆಗೆ ಬರುವವರಿದ್ದರು. ಊಟವಾದ ಮೇಲೆ ಅಕ್ಷರ ಕೊಟ್ಟು ಶಬ್ದ ಹುಡುಕಿಸುವುದು ಅವರ ಆಟ. ನೆರೆಯ ಸಂಸ್ಥಾನದಲ್ಲಿ ಒಬ್ಬ ಬಿ.ಎ. ಏಳಕ್ಷರ ದಾಟಲಾರದೆ ಬೆವತು ಕುಳಿತನಂತೆ. ಸಾಹೇಬರು ನಕ್ಕದ್ದು ನಮ್ಮ ಕಾರಭಾರಿಗಳಿಗೆ ಇಲ್ಲಿಗೇ ಕೇಳಿಸಿತ್ತು.

"ನೋಡ್ರಿ ಮಾಸ್ತರ," ಎಂದರು. "ಗೆದ್ರ ಕಾಯಂ. ಸೋತ್ರ, ಪುಣೇದ ಬಿ.ಎ. ಒಬ್ಬ ಈಗ ಬರ್ತೇನಿ ಅನ್ನಾಕತ್ಯಾನ. ಅವನ್ನ ತಗೋತೀವಿ."

"ಆಗ್ಲಿರಿ," ಎಂದರು ಮಾಸ್ತರರು.

ಹೊರಗೆ ಬಂದೊಡನೆ ನಾನು ಕೇಳಿದೆ: "ಸೋತ್ರ ಏನ್ ಮಾಡ್ತೀರಿ?"

ಅವರು ತೋಳಿನ ನೂಲಿನೆಳೆ ಕಿತ್ತು ಕಣ್ಣಿನ ಮುಂದೆ ಹಿಡಿದರು. ಇನ್ನೂ ಹತ್ತಿರ ತಂದರು. "ಕಣ್ಣು ಡಿಕ್ಷನರಿಗಿ ಕೊಟ್ಟೇನಿ ತಮ್ಮಾ. ಮಗ್ಗಕ್ಕ ಕುಂತ್ರ ಇನ್ನ ಎಳಿ ಕಾಣೂದುಲ್ಲ. ಏನ್ ಮಾಡೂದು ಅಂತ ನೀನಽ ಹೇಳು, ಚಿಂತಿ ಮಾಡೂದು ನಿನ್ನ ಇಲಾಖೆ."

ಅಂದಿನಿಂದ ನನ್ನ ಹಾಳೆ ಶುರುವಾಯಿತು.

ಇಲ್ಲಿ ನಮ್ಮ ಸಂಸ್ಥಾನದ ಒಂದು ರಿವಾಜು ಹೇಳಬೇಕು. ದರಬಾರದ ಅತಿಥಿ ಯಾವುದನ್ನಾದರೂ ನೋಡಿ ಚೆಂದ ಎಂದರೆ ಮುಗಿಯಿತು, ಸಂಜೆಯೊಳಗೆ ಅದು ಅತಿಥಿಯ ಗಾಡಿಯಲ್ಲಿ ಇರಬೇಕು. ಯಾರದು ಎಂದು ಕೇಳುವ ಪದ್ಧತಿ ಇರಲಿಲ್ಲ. ಹಿಂದೊಬ್ಬ ಸಾಹೇಬರು ಹೀಗೆ ಒಂದು ಗಿಳಿಯ ಪಂಜರ, ಒಂದು ಅಡಕೊತ್ತು, ಮುಧೋಳದ ಕಡೆಯಿಂದ ತಂದು ಸಾಕಿದ ಮೂರು ಬೇಟೆನಾಯಿ ಹೊಗಳಿ ಹೋಗಿದ್ದರು. ಆಮೇಲಿನಿಂದ ಜನ ಜಾಣರಾದರು. ಸಾಹೇಬರು ಬರುವ ದಿನ ಬೆಳಿಗ್ಗೆಯೇ ನಾಯಿ ಸಾಕಿದವರು ನಾಯಿಗೆ ಒಲೆಯ ಬೂದಿ ಬಳಿದು ಕಟ್ಟುತ್ತಿದ್ದರು. ಕುದುರೆಗೆ ಕೆಸರು ಮೆತ್ತುತ್ತಿದ್ದರು. ಹೊಸ ರುಮಾಲು ಪೆಟ್ಟಿಗೆ ಸೇರುತ್ತಿತ್ತು. ಇಡೀ ಊರು ಒಂದು ದಿನದ ಮಟ್ಟಿಗೆ ಕುರೂಪ ತಾಳಿ ಅತಿಥಿಯನ್ನು ಎದುರುಗೊಳ್ಳುತ್ತಿತ್ತು.

ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ನನ್ನ ತಲೆಯಲ್ಲಿ ಹೊಕ್ಕಿದ್ದು ಬೇರೆ.

"ಮಾಸ್ತರ್ರ, ಸಾಹೇಬರ ಮುಂದ ಎಣ್ಣಿ ಡಬ್ಬಿ ಇಡ್ತೀರೇನ್ರಿ?"

"ಯಾಕ, ಅಂವ ಕುಡೀತಾನೇನು?"

"ವಾಸನಿ ಬರ್ತೈತ್ರಿ."

"ಹನ್ನೊಂದು ವರ್ಷ ನನಗ ಬಂದಿಲ್ಲ."

"ನಿಮಗ ಬರೂದುಲ್ಲ. ಅವರು ಮೂಗು ಮುಚ್ಚಿಕೊಂಡು ಎದ್ದು ಹೋದ್ರ? ನಿಮ್ಮ ಕಾಯಂ ಅಲ್ಲಿಗೇ ಹೋತು ನೋಡ್ರಿ!"

"ಡಬ್ಬಿ ಇರ್ಲಿ ಬಿಡೋ ಮಾರಾಯ." ಅಷ್ಟೇ ಅಂದರು. ಆದರೆ ನಾನು ಬಿಡುವವನೇ? ನನ್ನ ಹೆಂಡತಿ ತವರಿನಿಂದ ತಂದ ಬೀಟೆಮರದ ಪೆಟ್ಟಿಗೆಯೊಂದಿತ್ತು, ಮೈಗೆಲ್ಲ ಹಿತ್ತಾಳೆಯ ಹೂ ಬಡಿದದ್ದು. ಅದನ್ನು ಕೇಳಿದೆ.

"ನಿಮಗ ಚಿಂತಿ ಮಾಡಾಕ ಏನೂ ಸಿಗಲಿಲ್ಲಂದ್ರ, ಸಿಗಲಿಲ್ಲಲ್ಲಾ ಅಂತ ಚಿಂತಿ ಮಾಡ್ತೀರಿ," ಎಂದಳು. ಆದರೂ ಒಳಗಿನ ಬಳೆ, ಕುಂಕುಮದ ಭರಣಿ ತೆಗೆದು ಬರಿದು ಮಾಡಿ ಕೊಟ್ಟಳು. ಕುಪ್ಪಸಕ್ಕೆಂದು ಇಟ್ಟ ಗುಳೇದಗುಡ್ಡದ ಖಣವನ್ನೂ ಒಳಗೆ ಹಾಸಿದಳು. "ತಿರುಗಿ ತರ್ರಿ ಮತ್ತ."

ಸಾಹೇಬರು ಬರುವ ದಿನ ಬೆಳಿಗ್ಗೆ ನಮ್ಮ ಓಣಿಯಲ್ಲಿ ಎಲ್ಲರೂ ನಾಯಿಗೆ ಬೂದಿ ಬಳಿಯುತ್ತಿದ್ದರು. ನಾನು ಕಟ್ಟೆಯ ಮೇಲೆ ಕುಳಿತು, ಹುಣಸೆಹಣ್ಣಿನಿಂದ ಹಿತ್ತಾಳೆಯ ಹೂ ತಿಕ್ಕುತ್ತಿದ್ದೆ. ಎದುರು ಮನೆಯವನು ಬೂದಿಯ ಕೈಯಲ್ಲೇ ನಿಂತು ನೋಡಿ, "ಏನ್ರೀ ಮಾಸ್ತರ, ಇವತ್ತು ನಿಮಗ ಹಬ್ಬ ಏನು?" ಎಂದ. ಅವನ ಮಾತಿನಿಂದಲೂ ನನಗೆ ಏನೂ ಹೊಳೆಯಲಿಲ್ಲ.

ಊಟ ಮುಗಿಯಿತು. ಖಾರ ಯಾರಿಗೂ ತಗುಲಲಿಲ್ಲ. ಬಂಗಲೆಯ ಪಡಸಾಲೆಯಲ್ಲಿ ದುಂಡುಮೇಜಿನ ಆಚೆ ಸಾಹೇಬರು ಪೈಪು ಹಚ್ಚಿ ಕುಳಿತರು, ಈಚೆ ಮಾಸ್ತರರು, ಪಕ್ಕದಲ್ಲಿ ಕಾರಭಾರಿಗಳು. ನಾನು ರಟ್ಟು ತುಂಬಿದ ಪೆಟ್ಟಿಗೆ ಇಟ್ಟು ಹಿಂದೆ ನಿಂತೆ. ಮೇಜು ಅಗಲವಾಗಿತ್ತು, ಕಾಲು ಸಾಹೇಬರಿಗೆ ಮುಟ್ಟುವಂತಿರಲಿಲ್ಲ. ಹಾಳೆಯಲ್ಲಿ ಇನ್ನೊಂದು ಕಮ್ಮಿ ಎಂದುಕೊಂಡೆ.

"ಎಕ್ಸ್, ವಿ, ಜಿ," ಎಂದರು ಸಾಹೇಬರು.

ಕಡ್ಡಿ ಮೂರು ಸಲ ಎದ್ದಿತು. ರಟ್ಟುಗಳು ಉದುರಿದವು. ಮಾಸ್ತರರು ಒಂದನ್ನು ಎತ್ತಿ ಹಿಡಿದರು. "ಎಕ್ಸ್‌ಟ್ರಾವ್ಯಾಗನ್ಸ್. ಹನ್ನೆರಡು."

ಸಾಹೇಬರು ಸುತ್ತ ನೋಡಿದರು. ಮೇಲೆ ತೂಗುವ ಗಾಜಿನ ದೀಪಗಳು, ಇನ್ನೂ ಎತ್ತದ ಇಪ್ಪತ್ತೆಂಟು ತಾಟುಗಳು. ನೋಡಿ ಗಹಗಹಿಸಿ ನಕ್ಕರು. ಕಾರಭಾರಿಗಳು ನನ್ನ ಕಡೆ ವಾಲಿ, "ಏನಂದ್ರ ಅದು?" ಎಂದು ಪಿಸುಗುಟ್ಟಿದರು. ದುಂದುಗಾರಿಕೆ ಎಂದು ಹೇಗೆ ಹೇಳಲಿ? "ಔದಾರ್ಯ ಅಂತರಿ," ಎಂದೆ. ಅವರು ಹಿಗ್ಗಿ ಸಾಹೇಬರಿಗೆ ಕೈಮುಗಿದರು.

"ಕೆ, ಡಬ್ಲ್ಯೂ, ಎಂ."

ಈ ಸಲ ಎರಡೇ ರಟ್ಟು ಉಳಿದವು. ಮಾಸ್ತರರು ಉದ್ದದ್ದನ್ನು ನೋಡಿದರು. ಬಹಳ ಹೊತ್ತು ನೋಡಿದರು. ಕಾಲು ನಿಂತಿದ್ದವು.

"ಅಕ್ನಾಲೆಜ್ಮೆಂಟ್. ಹದಿನೈದು."

ಸಾಹೇಬರು ಪೈಪು ತೆಗೆದರು. ಅವರ ಟಿಪ್ಪಣಿಯಲ್ಲಿದ್ದದ್ದು ಹನ್ನೊಂದೇ ಅಕ್ಷರದ್ದಂತೆ. ಇದನ್ನು ಒಂದು ವಾಕ್ಯದಲ್ಲಿ ಹಾಕಿ ತೋರಿಸು, ಅರ್ಥ ಗೊತ್ತಿದೆಯೋ ನೋಡೋಣ ಎಂದರು. ಮಾಸ್ತರರು ತಮ್ಮ ಗಿಡ್ಡ ಇಂಗ್ಲಿಷಿನಲ್ಲಿ, ಹುಡುಗರಿಗೆ ಪಾಠ ಹೇಳುವ ಅದೇ ದನಿಯಲ್ಲಿ ಹೇಳಿದರು: ನಾನು ಹನ್ನೊಂದು ಅರ್ಜಿ ಕಳಿಸಿದೆ, ಒಂದಕ್ಕೂ ಅಕ್ನಾಲೆಜ್ಮೆಂಟ್ ಬರಲಿಲ್ಲ.

ಯಾರಿಗೆ ಕಳಿಸಿದಿರಿ ಎಂದು ಸಾಹೇಬರು ಕೇಳಿದರು. ಮಾಸ್ತರರು ತೂಗುದೀಪ ನೋಡತೊಡಗಿದರು. ಕಾರಭಾರಿಗಳಿಗೆ ಕೆಮ್ಮು ಬಂತು. ಕೆಮ್ಮು ನಿಂತಾಗ ಅವರು ಮಾಸ್ತರರನ್ನು ಆ ದಿನದಿಂದಲೇ ಕಾಯಂ ಮಾಡಿಯಾಗಿತ್ತು, ಸಾಹೇಬರು ಕೈಕುಲುಕಿಯಾಗಿತ್ತು.

ನನ್ನ ಹಾಳೆಯೆಲ್ಲ ಸುಳ್ಳಾಯಿತು. ಬಹುಶಃ ಜೀವಮಾನದಲ್ಲಿ ಮೊದಲ ಸಲ ಏನೂ ಚಿಂತೆಯಿಲ್ಲದೆ ಉಸಿರು ಬಿಟ್ಟೆ. ಆ ಉಸಿರು ಪೂರ್ತಿ ಹೊರಗೆ ಬರುವ ಮೊದಲೇ ಸಾಹೇಬರ ಕೈ ಪೆಟ್ಟಿಗೆಯ ಮೇಲೆ ಬಂತು. ಹಿತ್ತಾಳೆಯ ಹೂವಿನ ಮೇಲೆ ಬೆರಳಾಡಿಸಿದರು. ಬಿಸಿಲು ಬಿದ್ದು ಅದು ಹೊಳೆಯುತ್ತಿತ್ತು, ಬೆಳಿಗ್ಗೆಯಷ್ಟೇ ತಿಕ್ಕಿದ್ದೆನಲ್ಲ.

"ಎಷ್ಟು ಚೆಂದದ ಪೆಟ್ಟಿಗೆ!" ಎಂದರು ಇಂಗ್ಲಿಷಿನಲ್ಲಿ. ತಮ್ಮ ಹೆಂಡತಿ ಮಡಮ್ಮನವರ ಹೆಣಿಗೆ ಸಾಮಾನಿಗೆ ಹೇಳಿ ಮಾಡಿಸಿದಂತಿದೆ ಎಂದೂ ಸೇರಿಸಿದರು.

ಕಾರಭಾರಿಗಳು ಎದ್ದು ನಿಂತರು. "ತಮ್ಮದಽ ಅಂತ ತಿಳೀಬೇಕು."

ನಾನು ಮುಂದೆ ಬಿದ್ದು ರಟ್ಟುಗಳನ್ನಾದರೂ ಎತ್ತಿಕೊಳ್ಳೋಣ ಎಂದು ಕೈ ಹಾಕಿದೆ. ಕಾರಭಾರಿಗಳು ಹಲ್ಲು ಕಚ್ಚಿ ಪಿಸುಗುಟ್ಟಿದರು: "ಲೇ, ಬರಿದು ಪೆಟಗಿ ಕೊಡ್ತಾರೇನೋ ಯಾರಾರ? ದರಬಾರದ ಮರ್ಯಾದಿ ತಗೀತಿ ಏನು?" ನಿಜ. ನಮ್ಮಲ್ಲಿ ಬರಿದಾದ ಪಾತ್ರೆಯನ್ನು ಯಾರಿಗೂ ಕೊಡುವುದಿಲ್ಲ. ಮಜ್ಜಿಗೆ ತಂದ ತಂಬಿಗೆ ತಿರುಗಿ ಕೊಡುವಾಗಲೂ ಒಂದು ಹಿಡಿ ಜೋಳ ಹಾಕಿ ಕೊಡುತ್ತೇವೆ. ಮೇಜಿನ ಮೇಲೆ ಉದುರಿದ್ದ ರಟ್ಟುಗಳನ್ನು ಕಾರಭಾರಿಗಳೇ ಬಳಿದು ಒಳಗೆ ಹಾಕಿ ಮುಚ್ಚಿದರು. ಅಕ್ನಾಲೆಜ್ಮೆಂಟ್ ಕೂಡ ಹೋಯಿತು. ಮಾಸ್ತರರ ಕೈಯಲ್ಲಿ ಛತ್ರಿಕಡ್ಡಿಯೊಂದೇ ಉಳಿಯಿತು. ಅದನ್ನು ಯಾರೂ ಚೆಂದ ಅಂದಿರಲಿಲ್ಲ.

ಮಡಮ್ಮನವರು ಪೆಟ್ಟಿಗೆಯಲ್ಲಿ ಉಣ್ಣೆಯ ಉಂಡೆ ಇಟ್ಟುಕೊಂಡರೆಂದು ಎಷ್ಟೋ ತಿಂಗಳ ಮೇಲೆ ಅವರ ಬಟ್ಲರನಿಂದ ತಿಳಿಯಿತು. ರಟ್ಟುಗಳು? "ಒಲಿ ಹಚ್ಚಾಕ ಭಾಳ ಛಲೋ ಇದ್ವುರಿ. ಏನ್ ಎಣ್ಣಿ ಕುಡಿದಿದ್ವೋ ಏನೋ, ಕಡ್ಡಿ ಕೊರದ್ರ ಸಾಕು, ಭಗ್ ಅಂತಿದ್ವು," ಎಂದ. ಆದರೆ ಆ ದಿನ ಬಂಗಲೆಯಿಂದ ಹೊರಬಿದ್ದಾಗ ನಮಗೆ ಅದು ಗೊತ್ತಿರಲಿಲ್ಲ. ಇನ್ನೂ ಬಿಸಿಲಿತ್ತು. ಓಣಿಯಲ್ಲಿ ಬೂದಿ ಬಳಿದ ನಾಯಿಗಳನ್ನು ಬಾವಿಯ ಹತ್ತಿರ ನಿಲ್ಲಿಸಿ ನೀರು ಹೊಯ್ಯುತ್ತಿದ್ದರು. ಒಂದೊಂದೇ ನಾಯಿ ಬೆಳ್ಳಗೆ, ಕಂದಾಗಿ, ಚೆಂದವಾಗಿ ಹೊರಗೆ ಬರುತ್ತಿತ್ತು.

ಮಾಸ್ತರರು ಮುಂದೆ, ನಾನು ಹಿಂದೆ. ಅವರು ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ಮಾಸ್ತರ್ರ, ನನ್ನ ತಪ್ಪಾತ್ರಿ," ಎಂದೆ.

"ಕಾಯಂ ಆತಲ್ಲೋ."

"ಹನ್ನೊಂದು ವರ್ಷದ ಕೆಲಸರಿ..."

ಅವರು ಬಾವಿಯ ಹತ್ತಿರ ನಿಂತು ನಾಯಿಗಳನ್ನು ನೋಡಿದರು. ಕಿಸೆಯಿಂದ ಛತ್ರಿಕಡ್ಡಿ ತೆಗೆದು, ಬಾಗಿದೆಯೋ ಎಂದು ಕಣ್ಣಿಗೆ ಹಿಡಿದು ನೋಡಿ, ಮತ್ತೆ ಕಿಸೆಗೆ ಇಟ್ಟರು.

"ಹಳೇ ಡಬ್ಬಿ ಎಲ್ಲೈತಿ?"

"ನಮ್ಮ ಹಿತ್ತಲದಾಗ ಐತ್ರಿ. ನಾಳೆ ಛಂದಂಗ ತೊಳದು..."

"ತೊಳೀಬ್ಯಾಡ!"

ಹನ್ನೊಂದು ವರ್ಷದಲ್ಲಿ ಅವರು ದನಿ ಏರಿಸಿದ್ದು ಅದೊಂದೇ ಸಲ. ನಾಯಿಯೊಂದು ಬೊಗಳಿತು.

ಆ ಡಬ್ಬಿ ಈಗ ನನ್ನ ಮುಂದಿದೆ. ಕಣ್ಣು ಪೂರ್ತಿ ಮಂಜಾಗುವಷ್ಟರಲ್ಲಿ ಅವರು ಮತ್ತೆ ಹೊಸ ರಟ್ಟು ಬರೆಯುತ್ತ ಡಿಕ್ಷನರಿಯ 'ಎಂ'ವರೆಗೆ ಬಂದಿದ್ದರು. ತಗಡಿಗೆ ತುಕ್ಕು ಹಿಡಿದಿದೆ, ಎಣ್ಣೆಯ ವಾಸನೆ ಹಾಗೆಯೇ ಇದೆ, ಹೆಂಡತಿ ಮೂಗು ಮುಚ್ಚಿಕೊಂಡು ಓಡಾಡುತ್ತಾಳೆ. ಅವಳಿಗೆ ಆ ಪೆಟ್ಟಿಗೆಯ ನೆನಪು ಇನ್ನೂ ಹೋಗಿಲ್ಲ. ನನ್ನ ಹಾಳೆಯೂ ಇದೆ. ಅಂದು ಮನೆಗೆ ಬಂದು ಅದರ ಒಂದೊಂದು ಸಾಲಿನ ಮುಂದೆಯೂ 'ಆಗಲಿಲ್ಲ' ಎಂದು ಬರೆದಿದ್ದೆ. ಕೆಳಗೆ ಜಾಗವಿರಲಿಲ್ಲ, ಅಂಚಿನಲ್ಲಿ ಅಡ್ಡಲಾಗಿ ಒಂದು ಸಾಲು ಸೇರಿಸಿದ್ದೆ: ಪೆಟ್ಟಿಗೆ ಚೆಂದ ಕಂಡಿತು.